ಚಿ-ಹಾದ ಸೀಳುಗಂಡಿ

ಒಳಗೆ ಇಳಿದು ತಲೆಯ ಮೇಲಿನ ಮುಚ್ಚಳ ಎಳೆದುಕೊಂಡ ಕೂಡಲೇ ಜಮೀರನ ಪಾಲಿಗೆ ಮೊದಲು ಇಲ್ಲವಾಗುತ್ತಿದ್ದದ್ದು ಸಮುದ್ರ. ಮಢ್‌ನ ತೆಂಗಿನ ಮರಗಳಾಚೆ ಒಣಮೀನಿನ ವಾಸನೆ ಹೊತ್ತು ದಿನವಿಡೀ ಉಸಿರಾಡುತ್ತಿದ್ದ ಆ ಸದ್ದು ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಆಮೇಲೆ ಆಕಾಶ ಹೋಗುತ್ತಿತ್ತು, ಮರಗಳ ತುದಿ ಹೋಗುತ್ತಿತ್ತು, ಶೂಟಿಂಗಿನ ಛತ್ರಿಗಳು, ಚಹಾದ ಮೇಜು, ಮನುಷ್ಯರ ಮುಖಗಳು ಒಂದೊಂದಾಗಿ ಹೋಗಿ, ಕೊನೆಗೆ ಎದುರಿನ ತಗಡಿನಲ್ಲಿ ಕೊರೆದ ಒಂದು ಸೀಳುಗಂಡಿ ಮಾತ್ರ ಉಳಿಯುತ್ತಿತ್ತು. ಅದರೊಳಗೆ ಒಂದು ತುಂಡು ಕೆಂಪು ದಾರಿ. ದಾರಿಯ ಅಂಚಿನಲ್ಲಿ ಸತ್ತು ಬಿದ್ದವರ ಕಾಲುಗಳು. ಸತ್ತವರು ನಡುನಡುವೆ ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು. ಅವರೆಲ್ಲ ದಿನಗೂಲಿಯ ಜೂನಿಯರ್ ಆರ್ಟಿಸ್ಟುಗಳೆಂದು, ಅವರ ಖಾಕಿಗೆ ಮೆತ್ತಿದ ರಕ್ತ ಮೇಕಪ್ಪಿನವರು ಬೆಳಿಗ್ಗೆ ಬಕೆಟ್ಟಿನಲ್ಲಿ ಕಲಸಿದ್ದೆಂದು ಜಮೀರನಿಗೆ ಗೊತ್ತಿತ್ತು. ತಾನು ಕೂತದ್ದು ಟ್ಯಾಂಕ್ ಅಲ್ಲವೆಂದೂ ಗೊತ್ತಿತ್ತು. ಅದು ನೆಲ ಅಗೆಯುವ ಹಳೆಯ ಪೋಕ್ಲೇನಿನ ಚೈನು ಮತ್ತು ಇಂಜಿನ್. ಮೇಲೆ ತಗಡಿನ ಮೈ, ತಗಡಿನ ಮೇಲೆ ಸುಳ್ಳು ರಿವೆಟ್ಟುಗಳು, ಗೋಪುರಕ್ಕೆ ಪೈಪಿನ ತೋಪು. ಇಪ್ಪತ್ತು ವರ್ಷ ಪೋಕ್ಲೇನ್ ಓಡಿಸಿ ಮುಂಬಯಿಯ ಎಷ್ಟೋ ಬಿಲ್ಡಿಂಗುಗಳಿಗೆ ಪಾಯ ತೋಡಿದ ಜಮೀರನನ್ನು ಈ ಸಿನಿಮಾದವರು ಕರೆಸಿದ್ದು ಅದಕ್ಕೇ. ಗೊತ್ತಿದ್ದರೂ ಮುಚ್ಚಳ ಬಿದ್ದ ಮೇಲೆ ಆ ಗೊತ್ತಿರುವುದೆಲ್ಲ ಹೊರಗೆ ಸಮುದ್ರದ ಜೊತೆಗೇ ಉಳಿದುಬಿಡುತ್ತಿತ್ತು. ಕಬ್ಬಿಣದ ಹೊಟ್ಟೆಯೊಳಗೆ ಡೀಸೆಲ್ ಹೊಗೆಯ ಜೊತೆ ಇನ್ನೊಂದು ವಾಸನೆ ಇತ್ತು. ಬಹಳ ಹೊತ್ತು ಒಂದೇ ಕಡೆ ಕೂತು ಬೆವೆತ ಮನುಷ್ಯನ ವಾಸನೆ. ತನ್ನದೇ ಇರಬೇಕು ಅಂದುಕೊಂಡು ಅವನು ಒಮ್ಮೆ ತನ್ನ ಅಂಗಿಯನ್ನು ಮೂಸಿ ನೋಡಿದ್ದ. ತನ್ನದಾಗಿರಲಿಲ್ಲ.

ನಿನ್ನೆಯವರೆಗೆ ಎಡಗಡೆಯ ಸೀಟಿನಲ್ಲಿ ಸಂತು ಇರುತ್ತಿದ್ದ. ಕಲಬುರಗಿಯ ಕಡೆಯವನು, ಅವನೂ ಪೋಕ್ಲೇನ್ ಆಪರೇಟರನೇ. "ಉಸ್ತಾದ್, ಎಡಕ್ಕ ಸ್ವಚ್ಛ ಐತಿ, ಹೊಡೀರಿ" ಎಂದು ಅವನು ಹೇಳುತ್ತಿದ್ದುದು ಜಮೀರನಿಗೆ ಎಷ್ಟು ಬೇಕಾಗಿತ್ತು ಎಂಬುದು ಸಂತುವಿಗೆ ಗೊತ್ತಿರಲಿಲ್ಲ. ನಿನ್ನೆಯ ಶಾಟಿನಲ್ಲಿ ಎಡಗಡೆಯ ಕಿಂಡಿಯೊಳಗೆ ಸಂತುವಿನ ಕೇಸರಿ ಟವೆಲ್ ಕಂಡಿತಂತೆ. ಡೈರೆಕ್ಟರ್ ಕೂಗಾಡಿದ. ಇವತ್ತು ಸಂತುವನ್ನು ಹೊರಗೆ ಮರದ ಕೆಳಗೆ ಕೂರಿಸಿ, ಅಸಿಸ್ಟೆಂಟ್ ಡೈರೆಕ್ಟರ್ ಪ್ರಶಾಂತ ಒಂದು ವಾಕಿಟಾಕಿ ತಂದು ಜಮೀರನ ಕೊರಳಿಗೆ ಹಾಕಿದ. "ಭಾಯ್, ಒಬ್ರೇ ಸಾಕು. ನಾನು ಹೇಳ್ತೀನಿ, ನೀವು ಚಲಾಯಿಸ್ತೀರಿ. ಸಿಂಪಲ್." ಆಗಲೇ ಹೇಳಬೇಕಾಗಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಪ್ರಶಾಂತ ಆಗಲೇ ಬೆನ್ನು ತಿರುಗಿಸಿ ಯಾರಿಗೋ ಮರಾಠಿಯಲ್ಲಿ ಬೈಯುತ್ತಿದ್ದ. ಬೆನ್ನಿಗೆ ಹೇಳುವ ಮಾತಲ್ಲ ಇದು ಎಂದು ಜಮೀರ ತನಗೆ ತಾನೇ ಹೇಳಿಕೊಂಡ, ಮತ್ತು ಹಾಗೆ ಹೇಳಿಕೊಂಡದ್ದರಿಂದ ಅವನಿಗೆ ಒಂದು ಬಗೆಯ ಸಮಾಧಾನವೂ ಆಯಿತು.

ಎಡಗಣ್ಣಿನ ಮೇಲೆ ಮೊದಲು ಬಂದದ್ದು ಒಂದು ಎಳೆ. ಕೂದಲೇನೋ ಎಂದು ಕಣ್ಣು ಉಜ್ಜಿಕೊಂಡಿದ್ದ. ಆಮೇಲೆ ಎಳೆ ಮಸಿಯಾಯಿತು, ಮಸಿ ಹರಡಿತು. ಈಗ ಅಲ್ಲಿ ಚಿಮಣಿ ಹೊಗೆ ಹತ್ತಿದ ಗಾಜಿನಂಥದ್ದೊಂದು ನಿಂತಿದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ ಎಂದು ಬಾಂದ್ರಾದ ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಇದ್ದವನು ಮುಜಾಹಿದ, ಹೆಂಡತಿ ಸುಗರಾಳ ತಮ್ಮ. ಕಣ್ಣಿಗೆ ಔಷಧಿ ಬಿಟ್ಟದ್ದರಿಂದ ಏನೂ ಕಾಣದೆ ಜಮೀರ ಅವನ ಭುಜ ಹಿಡಿದುಕೊಂಡೇ ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ದ. ಆ ಭುಜ ಎಳೆಯದಾಗಿತ್ತು, ಬೆಚ್ಚಗಿತ್ತು, ಅತ್ತರಿನ ವಾಸನೆ ಬರುತ್ತಿತ್ತು. ಜನರ ನೂಕಾಟದಲ್ಲಿ ಮುಜಾಹಿದ "ದಾರಿ ಬಿಡ್ರೀ, ನಮ್ಮ ದುಲಾಭಾಯಿಗೆ ಕಾಣೂದಿಲ್ಲ" ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದ. ಅಕ್ಕನ ಗಂಡನೆಂಬ ಅಕ್ಕರೆಯಿಂದಲೇ ಕೂಗಿದ. ಜನ ದಾರಿಯನ್ನೂ ಬಿಟ್ಟರು. ಆದರೆ ಜಮೀರನ ಮೈಯಲ್ಲಿ ಅವತ್ತು ಹೊಕ್ಕ ಮುಳ್ಳು ಹೊರಗೆ ಬರಲಿಲ್ಲ. "ನಿಮ್ಮ ಆಪಾಗ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ" ಎಂದು ಅವನು ಆ ಹುಡುಗನೆದುರು ಅಂಗಲಾಚಿದ್ದ. ಮುಜಾಹಿದ ಇವತ್ತಿನವರೆಗೆ ಹೇಳಿಲ್ಲ. ಹೇಳಿದ್ದರೆ ವಾಸಿ ಇತ್ತು ಎಂದು ಜಮೀರನಿಗೆ ಕೆಲವೊಮ್ಮೆ ಅನಿಸುತ್ತಿತ್ತು. ಮಾಲವಣಿಯ ಅವರ ಒಂದೇ ಖೋಲಿಯಲ್ಲಿ, ಊಟಕ್ಕೆ ಕೂತಾಗ, ಗೋಡೆ ಕಡೆ ತಿರುಗಿ ಮಲಗಿದಾಗ, ಮುಜಾಹಿದ ಸುಮ್ಮನೆ ಒಮ್ಮೆ ನೋಡುತ್ತಿದ್ದ. ಆ ನೋಟದಲ್ಲಿ ಏನೂ ಇರುತ್ತಿರಲಿಲ್ಲ. ಬಾಗಲಕೋಟೆಯಿಂದ ಕೆಲಸ ಹುಡುಕಿಕೊಂಡು ಬಂದು ವರ್ಷವಾಗುತ್ತ ಬಂದ ಹುಡುಗ, ಅಕ್ಕನ ಕೈಯ ರೊಟ್ಟಿ ಮುರಿಯುತ್ತ, ತಟ್ಟೆಯ ಎಡಬದಿಗೆ ಸರಿದಿದ್ದ ಲೋಟವನ್ನು ಜಮೀರನ ಬಲಗೈಗೆ ಸದ್ದಿಲ್ಲದೆ ದೂಡುತ್ತಿದ್ದ, ಅಷ್ಟೆ. ಅದೇ ಸಹಿಸಲಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಡಬ್ಬಿ ಕಟ್ಟುತ್ತಿದ್ದ ಸುಗರಾ, "ಇವನನ್ನೂ ಸಿನಿಮಾಕ್ಕ ಸೇರಿಸೀರಲ್ಲ, ಛಲೋ ಆತು ನೋಡ್ರಿ. ಇಬ್ರೂ ಕೂಡೇ ಹೋಗ್ತೀರಿ, ಕೂಡೇ ಬರ್ತೀರಿ" ಅಂದಳು. ಮುಜಾಹಿದ ಕನ್ನಡಿಯ ಮುಂದೆ ಕೂದಲು ತೀಡುತ್ತ ನಕ್ಕ. "ಆಪಾ, ದುಲಾಭಾಯಿ ಇಡೀ ಟ್ಯಾಂಕ್ ಓಡಸ್ತಾರ, ಆದರ ಮಾರಿ ಕಾಣೂದಿಲ್ಲ. ನಾ ಬರೇ ಹೆಣ, ಆದರ ನನ್ನ ಮಾರಿ ಕಾಣಸ್ತದ!" ಸುಗರಾ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ತಡೆದ ಆ ನಗುವೇ, ಬಸ್ಸಿನಲ್ಲಿ ಮಢ್‌ನ ಕಡೆಗೆ ಬರುವಾಗ, ಉಪ್ಪುನೀರಿನ ಕಾಂದಳ ಗಿಡಗಳ ಕಪ್ಪು ಕೆಸರು ಕಿಟಕಿಯ ಪಕ್ಕ ಹಾಯುವಾಗ, ಜಮೀರನನ್ನು ಉರಿಸುತ್ತ ಬಂತು. ಇಷ್ಟು ಸಣ್ಣ ಮಾತಿಗೆ ಇಷ್ಟು ಉರಿಯೇ ಎಂದು ನಾಚಿಕೆಯೂ ಆಯಿತು. ನಾಚಿಕೆಯಿಂದ ಉರಿ ಇನ್ನಷ್ಟು ಹೆಚ್ಚಿತು.

ಟ್ಯಾಂಕಿನ ಕಥೆ ಅವನಿಗೆ ಗೊತ್ತಾದದ್ದು ಯಕ್ಷಿತಾಳಿಂದ. ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗಿ. ಅಜ್ಜ ಉಡುಪಿಯಿಂದ ಮುಂಬಯಿಗೆ ಬಂದು ಫೋರ್ಟ್‌ನಲ್ಲಿ ಹೋಟೆಲು ಇಟ್ಟಿದ್ದರಂತೆ, ಇವಳು ಹುಟ್ಟಿ ಬೆಳೆದದ್ದು ಇಲ್ಲೇ. ಜಮೀರ ಕನ್ನಡದವನೆಂದು ತಿಳಿದ ದಿನದಿಂದ ತನ್ನ ಮುರುಕು ಕನ್ನಡವನ್ನು ಅವನ ಮೇಲೆ ಪ್ರಯೋಗಿಸುವುದು ಅವಳಿಗೆ ಆಟವಾಗಿತ್ತು. "ಜಮೀರ್ ಭಾಯ್, ಇದರ ಹೆಸರು ಚಿ-ಹಾ. ಚಿ ಅಂದ್ರೆ ಮೀಡಿಯಂ ಸೈಜಿನ ಟ್ಯಾಂಕ್, ಹಾ ಅಂದ್ರೆ ಮೂರನೇದು. ಹೆಸರಲ್ಲಿ ಮತ್ತೆ ಎಂಥದ್ದೂ ಇಲ್ಲ" ಎಂದು ತನ್ನ ಟ್ಯಾಬಿನಲ್ಲಿ ಹಳೆಯ ಫೋಟೋ ತೋರಿಸಿದ್ದಳು. ಎರಡನೇ ಮಹಾಯುದ್ಧಕ್ಕೆ ಮುಂಚೆ ಜಪಾನಿನವರು ಎರಡು ಬಗೆ ಮಾಡಿ ನೋಡಿದ್ದರಂತೆ, ಒಂದು ಹಗುರ ಮತ್ತು ಅಗ್ಗ, ಒಂದು ಭಾರ. ದೊಡ್ಡ ಅಧಿಕಾರಿಗಳಿಗೆ ಅಗ್ಗದ್ದೇ ಬೇಕಿತ್ತು. "ಅಷ್ಟರಲ್ಲಿ ಚೀನಾದ ಜೊತೆ ಯುದ್ಧ ಸ್ಟಾರ್ಟ್ ಆಯ್ತು. ಖರ್ಚಿನ ಮಾತೇ ಹೋಯ್ತು. ಭಾರದ್ದು, ಇದೇ, ಸೆಲೆಕ್ಟ್ ಆಯ್ತು." ಚೀನಾದಲ್ಲಿ ಎದುರಿಗೆ ಹೆಚ್ಚಾಗಿ ಇದ್ದದ್ದು ಕಾಲಾಳುಗಳು, ಅದಕ್ಕೇ ಇದರ ತೋಪು ಗಿಡ್ಡ, ಮನುಷ್ಯರ ಮೇಲೆ ಹಾರಿಸಲಿಕ್ಕೆ ಸಾಕು, ಇನ್ನೊಂದು ಟ್ಯಾಂಕಿನ ಉಕ್ಕಿಗೆ ಸಾಲದು. ಮೈಯೂ ತೆಳು. ರಷ್ಯನ್ನರು ಮೈದಾನದ ಹುಲ್ಲಿನಲ್ಲಿ ತಂತಿಯ ಸುರುಳಿ ಬಿಟ್ಟು ಚೈನಿಗೆ ಸುತ್ತಿಕೊಳ್ಳುವಂತೆ ಮಾಡಿ, ನಿಂತ ಟ್ಯಾಂಕನ್ನು ಸುಟ್ಟರಂತೆ. ಆಮೇಲೆ ಉದ್ದದ ತೋಪು ಕೂರಿಸಿದರೂ ಕಾಲ ಮೀರಿತ್ತು. ಅಮೆರಿಕದವರ ಗುಂಡು ಕೆಲವು ಸಲ ಒಂದು ಬದಿ ಹೊಕ್ಕು ಇನ್ನೊಂದು ಬದಿ ಹೊರಗೆ ಹೋಗುತ್ತಿತ್ತಂತೆ. ಕೊನೆಕೊನೆಗೆ ದ್ವೀಪಗಳಲ್ಲಿ ಇದನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತು, ತೋಪು ಮಾತ್ರ ಹೊರಗೆ ಬಿಟ್ಟು ಕೂತರಂತೆ.

"ಒಳಗ ಮಂದಿ?" ಎಂದು ಜಮೀರ ಕೇಳಿದ್ದ.

"ಒಳಗೇ. ನಾಲ್ಕು ಜನ."

"ಹೂತ ಮ್ಯಾಗೂ?"

"ಹ್ಞೂಂ." ಅವಳು ಫೋಟೋ ದೊಡ್ಡದು ಮಾಡಿದಳು. ಬಲಗಡೆ, ಡ್ರೈವರನ ಕಿಂಡಿಯಲ್ಲಿ, ಅರ್ಧ ಮುಖದಂಥದ್ದು ಇತ್ತು. ಮೂಗಿಲ್ಲ, ಬಾಯಿಲ್ಲ, ಒಂದು ಕಣ್ಣಿನ ಕುಳಿ ಮಾತ್ರ. "ಇವರು ಮಲಯದಲ್ಲಿ ಸ್ಲಿಮ್ ನದಿ ಹತ್ರ ರಾತ್ರಿ ರಬ್ಬರ್ ತೋಟದ ರಸ್ತೆಯಲ್ಲಿ ನುಗ್ಗಿದರು. ಅಲ್ಲಿ ನಮ್ಮ ಇಂಡಿಯನ್ ಸಿಪಾಯಿಗಳು ಇದ್ದದ್ದು, ಗೊತ್ತುಂಟಾ? ವಾರಗಟ್ಟಲೆ ನಿದ್ದೆ ಇಲ್ಲದವರು. ಕೆಲವರು ಲೈನಲ್ಲಿ ನಡೀತಾ ಇದ್ರು. ಹಿಂದಿನಿಂದ ಸೌಂಡ್ ಬಂತು. ನಮ್ಮದೇ ಗಾಡಿ ಅಂದ್ಕೊಂಡ್ರು." ಅವಳು ಅಲ್ಲಿಗೆ ನಿಲ್ಲಿಸಿ ಮಾತು ಬದಲಿಸಿದಳು. ಗೋಪುರದಲ್ಲಿದ್ದ ಕಮಾಂಡರಿಗೆ ಡ್ರೈವರ್ ಜೊತೆ ಮಾತಾಡಲಿಕ್ಕೆ ಆಗುತ್ತಿರಲಿಲ್ಲ, ಅಷ್ಟು ಗದ್ದಲ. ಮೇಲೆ ಗುಂಡಿ ಒತ್ತಿದರೆ ಕೆಳಗೆ ಡ್ರೈವರ್ ಪಕ್ಕ ಸಣ್ಣ ದೀಪ ಹತ್ತುತ್ತಿತ್ತು, ಒಂದೊಂದು ದೀಪಕ್ಕೆ ಒಂದೊಂದು ಹುಕುಂ. ಆ ದೀಪಗಳನ್ನೂ ಅವಳು ಮಾಡಿಸಿದ್ದಳು, ಕೆಂಪು ಗಾಜಿನವು, ತಂತಿಯಿಲ್ಲದವು, ಬರೀ ನೋಟಕ್ಕೆ. "ಯಾವುದು ಹೋಗು, ಯಾವುದು ನಿಲ್ಲು?" ಎಂದು ಜಮೀರ ಕೇಳಿದಾಗ ಅವಳು ಭುಜ ಕುಣಿಸಿದಳು. "ಅದು ನನಗೆ ಸಿಗಲಿಲ್ಲ."

ಅವತ್ತಿನಿಂದ ಜಮೀರನಿಗೆ ಆ ಅರ್ಧ ಮುಖದವನ ವಿಚಾರ ಹತ್ತಿತು. ಅವನೂ ಹೀಗೇ ಬಲಗಡೆ ಕೂತವನು. ಅವನ ಎಡಕ್ಕೂ ಹೀಗೇ ಒಂದು ಸೀಟು. ಅವನಿಗೆ ಆ ರಸ್ತೆಯಲ್ಲಿ ಎಷ್ಟು ಕಂಡಿರಬೇಕು? ಎದುರಿಗೆ ಬಿಳಿಚಿಕೊಂಡ ಒಂದು ತುಂಡು ದಾರಿ, ಅದರ ಮೇಲೆ ಏನೋ ಗಂಟುಗಳಂತೆ, ಮೂಟೆಗಳಂತೆ. ಕಂಡದ್ದು ಮನುಷ್ಯ ಎಂದು ಗೊತ್ತಾಗುವ ಮೊದಲೇ ಚೈನು ಹಾಯ್ದು ಹೋಗಿರುತ್ತದೆ. ಗೊತ್ತಾದ ಮೇಲೆ ಮುಂದಿನದು ಬಂದಿರುತ್ತದೆ. ಮನೆಗೆ ಹೋಗಿ ಹೆಂಡತಿಗೆ ಅವನು ಏನು ಹೇಳಿದನೋ. ಮನೆಗೆ ಹೋದನೋ ಇಲ್ಲವೋ.

ಬೆಳಗಿನ ರಿಹರ್ಸಲ್ ಸರಿಯಾಗಿಯೇ ಆಗಿತ್ತು. ದಾರಿಯ ಎರಡೂ ಬದಿಗೆ ಸುಣ್ಣದ ಗೆರೆ ಎಳೆದಿದ್ದರು. ಹೆಣಗಳು ಗೆರೆಯ ಆಚೆ, ಟ್ಯಾಂಕ್ ಗೆರೆಯ ಈಚೆ. ಹಗಲಲ್ಲೇ ಶೂಟಿಂಗ್; ಕಂಪ್ಯೂಟರಿನಲ್ಲಿ ಅದನ್ನು ರಾತ್ರಿ ಮಾಡುತ್ತಾರಂತೆ. ಮುಜಾಹಿದ ಬಲಗಡೆ ಬಿದ್ದಿದ್ದ, ಬಾಯಿ ತೆರೆದುಕೊಂಡು, ಚೆಂದವಾಗಿ ಸತ್ತಿದ್ದ. ಬಲಗಣ್ಣಿಗೆ ಅವನ ಕಿವಿಯ ಕೆಳಗಿನ ಮಚ್ಚೆಯವರೆಗೆ ಎಲ್ಲ ಕಂಡಿತು. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚಿದಾಗ ಅವನು ಬಂದು ಪಕ್ಕ ಕೂತ. ಹಣೆಯ ಮೇಲಿನ ರಕ್ತ ಒಣಗಿ ಹಕ್ಕಳೆ ಏಳುತ್ತಿತ್ತು. ಅದೇ ಕೈಯಲ್ಲಿ ರೊಟ್ಟಿ ಮುರಿದ. "ದುಲಾಭಾಯಿ, ಸಂತು ಇಲ್ಲೇನು ಇವತ್ತು ಒಳಗ?"

"ಇಲ್ಲ."

"ಮತ್ತ?"

"ಮತ್ತ ಏನು? ನಾ ಇದೀನಲ್ಲ."

ಮುಜಾಹಿದ ಪಲ್ಯ ಮುಂದಕ್ಕೆ ಸರಿಸಿದ, ಜಮೀರನ ಬಲಗೈಯ ಕಡೆಗೆ. ಜಮೀರ ಎದ್ದುಬಿಟ್ಟ. ಅರ್ಧ ತಿಂದ ರೊಟ್ಟಿಯನ್ನು ಡಬ್ಬಿಗೆ ಒಗೆದು, ಹಿಂದೆ ನೋಡದೆ ನಡೆದು, ಟ್ಯಾಂಕಿನೊಳಗೆ ಇಳಿದು ಮುಚ್ಚಳ ಎಳೆದುಕೊಂಡ. ಹಗಲಿನ ಬಿಸಿಲು ಕುಡಿದ ತಗಡು ಕುಲುಮೆಯಾಗಿತ್ತು. ಎಡಗಡೆ ಯಾರೋ ಮೆಲ್ಲಗೆ ಮೈ ಸರಿಸಿ ಜಾಗ ಬಿಟ್ಟಂತಾಯಿತು. ಅವನು ಆ ಕಡೆ ತಿರುಗಿದ. ಕಣ್ಣಿನೊಳಗಿನ ಮಸಿಯೂ ಜೊತೆಗೇ ತಿರುಗಿ, ಸೀಟಿನ ಮೇಲೆ ಹೋಗಿ ಕೂತುಕೊಂಡಿತು: ತಲೆಯಷ್ಟು ಅಗಲ, ಭುಜದಷ್ಟು ಎತ್ತರ. ಬಲಗಣ್ಣು ಮುಚ್ಚಿ ನೋಡಿದ, ಅದು ಇತ್ತು. ಎಡಗಣ್ಣು ಮುಚ್ಚಿ ನೋಡಿದ, ಖಾಲಿ ಸೀಟು. ನಗು ಬಂತು. ಆದರೆ ವಾಸನೆ ಎರಡೂ ಸಲ ಇತ್ತು.

"ಜಮೀರ್ ಭಾಯ್, ಟೇಕ್. ಸ್ಟಾರ್ಟ್ ಇಂಜಿನ್," ಎಂದು ವಾಕಿಟಾಕಿ ಕರಕರಿಸಿತು. ಅವನು ಇಂಜಿನ್ ಹಚ್ಚಿ ಗಂಡಿಗೆ ಕಣ್ಣಿಟ್ಟ. ಬಲಗಡೆ ಮುಜಾಹಿದ ಇದ್ದ ಜಾಗದಲ್ಲಿ ಬೇರೆ ಯಾರೋ ದಪ್ಪನೆಯವನು ಬಿದ್ದಿದ್ದ. ಕ್ಯಾಮೆರಾವನ್ನು ಎಡಬದಿಗೆ ಒಯ್ದಿದ್ದರು. ಅದರ ಕಾಲುಗಳು ಮಸುಕಾಗಿ ಕಾಣುತ್ತಿದ್ದವು. ಮುಖ ಕಾಣಬೇಕೆಂದು ಮುಜಾಹಿದ ಎಡಕ್ಕೆ ಹೋಗಿ ಮಲಗಿದ್ದಾನೆ. ತನ್ನ ಎಡಗಣ್ಣಿನ ಸಂಗತಿ ಬೇರೆಯವರಿಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಗೊತ್ತಿದ್ದೂ ಹೋಗಿ ಎಡಕ್ಕೇ ಮಲಗಿದ್ದಾನೆ. ಇದು ನಂಬಿಕೆಯೋ, ಸವಾಲೋ? ವಾಕಿಟಾಕಿಯ ಗುಂಡಿ ಒತ್ತಿ ಒಂದೇ ಮಾತು ಹೇಳಿದರೆ ಆಯಿತು, ನನಗೆ ಎಡಗಡೆ ಕಾಣುವುದಿಲ್ಲ ಎಂದು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಆ ಮಾತು ಪ್ರಶಾಂತನ ಕಿವಿಗೆ, ಅಲ್ಲಿಂದ ಎಲ್ಲರ ಕಿವಿಗೆ, ನಾಳೆ ಅವನನ್ನು ಕೆಲಸಕ್ಕೆ ಕರೆಯುವ ಪ್ರತಿಯೊಬ್ಬ ಕಂಟ್ರಾಕ್ಟರನ ಕಿವಿಗೆ ಹೋಗುತ್ತದೆ. ದಾರಿ ಬಿಡ್ರೀ, ಕಾಣೂದಿಲ್ಲ. ಸ್ಟೇಷನ್ನಿನ ಆ ಮೆಟ್ಟಿಲುಗಳ ಮೇಲೆ ಜನರೆಲ್ಲ ಮತ್ತೆ ಎರಡು ಬದಿಗೆ ಸರಿದು ನಿಂತು ನೋಡಿದರು. "ಆ್ಯಕ್ಷನ್!" ಹೊಗೆಯ ಡಬ್ಬಗಳು ಒಡೆದವು. ಅವನು ಎರಡೂ ಲಿವರನ್ನು ಮುಂದಕ್ಕೆ ನೂಕಿದ.

ಟ್ಯಾಂಕ್ ಹೊರಟಿತು. ಬಲಗಡೆಯ ಸುಣ್ಣದ ಗೆರೆ ಕಾಣುತ್ತಿತ್ತಾದ್ದರಿಂದ ಅವನು ಅದನ್ನೇ ನೆಚ್ಚಿಕೊಂಡ; ಅದನ್ನು ತುಳಿಯಬಾರದೆಂದು ಸ್ವಲ್ಪ ಎಡಕ್ಕೆ ಎಳೆದ; ಮತ್ತೆ ಸ್ವಲ್ಪ. ಹೊಗೆ ಗಂಡಿಯೊಳಗೆ ನಾಲಿಗೆ ಚಾಚಿತು. ಆಗ ಅವನ ಪಕ್ಕದ ಕೆಂಪು ದೀಪಗಳಲ್ಲೊಂದು ಹತ್ತಿತು. ಹೊರಗೆ ಹಚ್ಚಿದ್ದ ಬೆಂಕಿಯ ಬೆಳಕು ಗಾಜಿಗೆ ಬಿದ್ದಿರಬೇಕು. ಆದರೆ ಬೆಂಕಿ ಕುಣಿಯುತ್ತದೆ, ಈ ಬೆಳಕು ಕುಣಿಯುತ್ತಿರಲಿಲ್ಲ. ಒಂದೇ ಸಮನೆ, ಒತ್ತಿ ಹಿಡಿದಂತೆ ಉರಿಯುತ್ತಿತ್ತು. ಯಾರೋ ಏನೋ ಹೇಳುತ್ತಿದ್ದಾರೆ, ಒಂದೇ ಮಾತನ್ನು, ಬಿಡದೆ. ಹೋಗು ಎಂದೋ, ನಿಲ್ಲು ಎಂದೋ. ಗಂಡಿಯ ಎಡ ಕೆಳಮೂಲೆಯಲ್ಲಿ ಕಪ್ಪಗೆ ಏನೋ ಇಣುಕಿತು. ಬೂಟಿನ ತುದಿಯೋ, ಕಣ್ಣಿನ ಮಸಿಯೋ. ಆ ಕ್ಷಣದಲ್ಲಿ ಎಡಗಡೆಯಿಂದ ಬಹಳ ಶಾಂತವಾದ ಒಂದು ಮಾತು ಬಂತು: ಆದರೆ ಆಗಲಿ ಬಿಡು. ಯಾರ ತಪ್ಪೂ ಆಗುವುದಿಲ್ಲ, ವಾಕಿಟಾಕಿಯವನು ನೋಡಬೇಕಿತ್ತು. ಮನೆಯಲ್ಲಿ ಅವರಾಡುವ ದಖ್ಖನಿಯಲ್ಲಿ ಬಂತೋ, ಕನ್ನಡದಲ್ಲಿ ಬಂತೋ, ತನಗೆ ಗೊತ್ತೇ ಇಲ್ಲದ ಇನ್ನೊಂದು ಭಾಷೆಯಲ್ಲಿ ಬಂತೋ ಎಂದು ಆಮೇಲೆ ಎಷ್ಟು ನೆನೆದರೂ ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೆ: ಕೈ ಲಿವರಿನ ಮೇಲೆ ಇತ್ತು, ಮತ್ತು ಹಿಂದಕ್ಕೆ ಬರಲಿಲ್ಲ. ಎಡಗಡೆಯ ಚೈನಿನ ಕೆಳಗೆ ಏನೋ ಮೆತ್ತಗೆ ಒತ್ತಿಕೊಂಡಿತು, ಒಂದು ಉಸಿರಿನಷ್ಟು ತಡೆಯಿತು, ಆಮೇಲೆ ಸುಮ್ಮನಾಯಿತು. ಕಲ್ಲು ಹೇಗಿರುತ್ತದೆ, ಬೇರು ಹೇಗಿರುತ್ತದೆ, ಕೆಸರು ಹೇಗಿರುತ್ತದೆ ಎಂದು ಇಪ್ಪತ್ತು ವರ್ಷದಿಂದ ಅವನ ಅಂಗಾಲಿಗೆ ಗೊತ್ತು. ಇದು ಅದ್ಯಾವುದೂ ಅಲ್ಲ. ಲಿವರು ಹಿಂದಕ್ಕೆ ಬಂದದ್ದು ಆಗ.

ಇಂಜಿನ್ ಆರಿಸಿದ ಮೇಲೂ ಅವನು ಮುಚ್ಚಳ ತೆರೆಯಲಿಲ್ಲ. ಹೊರಗೆ ಯಾರೂ ಕಿರುಚಿರಲಿಲ್ಲ. ಅವನ ಕಣ್ಣಿಗೆ ಕಟ್ಟಿದಂತೆ ಸುಗರಾ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು; ಈ ಸಲ ನಗು ತಡೆಯಲಿಕ್ಕಲ್ಲ. ದೀಪ ಆರಿತ್ತು. ಗಾಜನ್ನು ಮುಟ್ಟಿ ನೋಡಿದ. ಇಡೀ ಟ್ಯಾಂಕು ಕಾದ ಕೆಂಡವಾಗಿದ್ದರೂ ಅದೊಂದು ತಣ್ಣಗಿತ್ತು.

"ಯಾಕೆ ನಿಲ್ಲಿಸಿದ್ರಿ? ಅರೆ, ಯಾಕೆ ನಿಲ್ಲಿಸಿದ್ರಿ ಭಾಯ್?" ಪ್ರಶಾಂತ ತಗಡಿನ ಮೇಲೆ ಬಡಿಯುತ್ತಿದ್ದ. ಜಮೀರ ಹೊರಗೆ ಬಂದ. ಮುಂದೆ ಬಗ್ಗಿ ಚೈನಿನ ಕೆಳಗೆ ನೋಡಿದ. ಸಿಪಾಯಿಗಳ ಬೆನ್ನಿಗೆ ಕಟ್ಟಲು ಕೊಟ್ಟಿದ್ದ ಕ್ಯಾನ್ವಾಸ್ ಚೀಲವೊಂದು ಚಪ್ಪಟೆಯಾಗಿ ಮಣ್ಣಿಗೆ ಅಂಟಿತ್ತು. ಸೀಳಿದ ಬಾಯಿಂದ ತೆಂಗಿನ ನಾರು ಹೊರಗೆ ಬಂದಿತ್ತು. ಸುಣ್ಣದ ಗೆರೆ ಚೈನಿನ ಅಡಿ ಇತ್ತು. ಸ್ವಲ್ಪ ಆಚೆ ಮುಜಾಹಿದ ಮೊಣಕಾಲ ಮೇಲೆ ಕೂತಿದ್ದ, ಕೂದಲ ತುಂಬ ಕೆಂಪು ಮಣ್ಣು. ಹೊಗೆ ಇದ್ದದ್ದರಿಂದ ಅವನು ಉರುಳಿದ್ದನ್ನು ಯಾರೂ ನೋಡಿರಲಿಲ್ಲ. ಚೀಲ ಕೈತಪ್ಪಿ ಬಿತ್ತು ಎಂದು ಅವನೇ ಪ್ರಶಾಂತನಿಗೆ ಹೇಳಿದ. ನಿಂತಿದ್ದವರಲ್ಲಿ ಕೆಲವರು ನಕ್ಕರು. "ಒಂದು ಚೀಲಕ್ಕೆ ಟೇಕ್ ಕೆಡಿಸಿದ್ರಲ್ಲ ಭಾಯ್! ಹೆದರ್ತೀರೇನು?" ಎಂದು ಪ್ರಶಾಂತ ಎಲ್ಲರೆದುರು ಕೈ ಬೀಸಿದ. "ಮತ್ತೊಮ್ಮೆ! ಎಲ್ಲರೂ ಜಾಗಕ್ಕೆ!"

ಮುಜಾಹಿದ ಹತ್ತಿರ ಬಂದು ಚೀಲವನ್ನು ಮಣ್ಣಿನಿಂದ ಬಿಡಿಸತೊಡಗಿದ. ತಲೆ ಎತ್ತದೆ, ತುಟಿ ಅಲುಗಿಸಿದಷ್ಟೇ ಮೆಲ್ಲಗೆ ಅಂದ: "ಇದನ್ನ ತಲಿಗಿ ಇಟ್ಕೊಂಡಿದ್ದೆ."

ಜಮೀರ ಚೀಲದ ಇನ್ನೊಂದು ಅಂಚು ಹಿಡಿದು ಎಳೆದ.

"ಆ ಕಡೆ ನಿಮಗ ಕಾಣಂಗಿಲ್ಲಂತ ಗೊತ್ತಿತ್ರಿ ನನಗ. ಅದಕ್ಕೇ ಹೋಗಿ ಅಲ್ಲಿ ಬಿದ್ಕೊಂಡೆ. ನಾ ಅಲ್ಲಿದ್ರ ನೀವು ಹೇಳ್ತೀರಿ ಅಂದ್ಕೊಂಡಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಬೆರಗು ಮಾತ್ರ ಇತ್ತು. ಜೂನಿಯರ್ ಆರ್ಟಿಸ್ಟುಗಳು ಬೈದುಕೊಳ್ಳುತ್ತ ತಮ್ಮ ತಮ್ಮ ಜಾಗದಲ್ಲಿ ಮಲಗುತ್ತಿದ್ದರು. ಒಬ್ಬ ತನ್ನ ಮೊಬೈಲನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಸತ್ತ. ಮುಜಾಹಿದನೂ ಚೀಲ ಕೊಡವಿಕೊಂಡು ಎಡಗಡೆಗೇ ನಡೆದ. ಮತ್ತೆ ಎಡಗಡೆಗೇ! ಜಮೀರ ಅವನ ಬೆನ್ನನ್ನು ನೋಡಿದ. ಅಂಗಿ ಬೆವರಿಗೆ ಅಂಟಿ ಬೆನ್ನೆಲುಬಿನ ಗಂಟುಗಳು ಎದ್ದಿದ್ದವು. ಅಷ್ಟರಲ್ಲಿ ಪ್ರಶಾಂತನ ಹೆಸರು ಹಿಡಿದು ಯಾರೋ ದೊಡ್ಡದಾಗಿ ಕೂಗಿದರು. ಕೂಗಿದ್ದು ತಾನೇ ಎಂದು ಜಮೀರನಿಗೆ ಆಮೇಲೆ ಗೊತ್ತಾಯಿತು.

"ಪ್ರಶಾಂತ್ ಸಾಬ್, ನಂಗ ಎಡಗಣ್ಣು ಕಾಣಂಗಿಲ್ಲ."

"ಏನು?"

"ಕಾಣಂಗಿಲ್ರಿ. ಭಾಳ ದಿನ ಆತು." ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದ. ಸಮುದ್ರದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮಲಗಿದ್ದ ಹೆಣಗಳು ಒಂದೊಂದಾಗಿ ಎದ್ದು ಕೂತವು. ಎಡಗಡೆಯವು ಮೊದಲು. ಯಾರೋ ಒಬ್ಬ ಗೆರೆಯಿಂದ ತನ್ನ ತಲೆ ಎಷ್ಟು ದೂರವಿತ್ತೆಂದು ಗೇಣು ಹಾಕಿ ನೋಡಿದ. ಪ್ರಶಾಂತ ಕೂಗಾಡಲಿಲ್ಲ. ಬಿಳಿಚಿದ ಮುಖದಲ್ಲಿ ಹತ್ತಿರ ಬಂದು, ಕೊರಳಿನಿಂದ ವಾಕಿಟಾಕಿಯನ್ನು ತೆಗೆದುಕೊಂಡ, ರೋಗಿಯ ಕೊರಳಿನಿಂದ ತೆಗೆದಂತೆ, ಮೈಗೆ ಕೈ ತಾಗದ ಹಾಗೆ. "ಹೋಗಿ, ಆ ಕಡೆ ಕೂತ್ಕೊಳ್ಳಿ" ಅಂದ. ಅಷ್ಟೆ. ಸಂತು ಮರದ ಕೆಳಗಿಂದ ಎದ್ದು ಬಂದ, ಟವೆಲನ್ನು ಮರಕ್ಕೇ ಬಿಟ್ಟು. ಒಳಗೆ ಇಳಿಯುವ ಮುನ್ನ ಜಮೀರನ ಕಡೆಗೆ ನೋಡಿ, ಮುಚ್ಚಳ ಎಳೆದುಕೊಂಡ.

ಚಹಾದ ಮೇಜಿನ ಬಳಿ ಜಮೀರ ನಿಂತಿದ್ದಾಗ ಅವನ ಸುತ್ತ ಸ್ವಲ್ಪ ಜಾಗ ತಾನಾಗಿ ಖಾಲಿಯಾಯಿತು. ಯಕ್ಷಿತಾ ಬಂದಳು. ಅವಳ ಕೈಯಲ್ಲಿ ಖಾಕಿ ಅಂಗಿ ಇತ್ತು. "ಜಮೀರ್ ಭಾಯ್, ತಪ್ಪು ತಿಳ್ಕೊಳ್ಬೇಡಿ... ಎಡಗಡೆ ಇದ್ದವರು ಇಬ್ರು ಹೆದರಿ ಹೋದ್ರು. ಫ್ರೇಮ್ ಖಾಲಿ ಕಾಣ್ತದೆ. ನೀವು ಸ್ವಲ್ಪ..." ಮುಂದಿನ ಶಬ್ದ ಅವಳಿಗೆ ಕನ್ನಡದಲ್ಲಿ ಸಿಗಲಿಲ್ಲ. ಟ್ಯಾಂಕ್ ಓಡಿಸುತ್ತಿದ್ದವನನ್ನು ಅದರ ಮುಂದೆ ಹೆಣವಾಗಿ ಮಲಗಲು ಕರೆಯುವುದು ಯಾವ ಭಾಷೆಯಲ್ಲೂ ಸುಲಭವಿರಲಿಲ್ಲ. ಜಮೀರ ಅಂಗಿ ತೆಗೆದುಕೊಂಡ. ಯಾರದೋ ಬೆವರಿನಿಂದ ಅದು ಇನ್ನೂ ಒದ್ದೆಯಾಗಿತ್ತು.

ಮುಜಾಹಿದನ ಪಕ್ಕ ಅವನು ಮಲಗಿದ. ಎಡಗೆನ್ನೆ ನೆಲಕ್ಕೆ ಹಚ್ಚಿದ್ದರಿಂದ ಕಾಣದ ಕಣ್ಣು ಮಣ್ಣಿನ ಕಡೆಗೆ, ಕಾಣುವ ಕಣ್ಣು ದಾರಿಯ ಕಡೆಗೆ. ನೆಲ ಬೆಚ್ಚಗಿತ್ತು. ಇರುವೆಯೊಂದು ಮೂಗಿನ ಮುಂದೆ ಏನೋ ಹೊತ್ತು ಅವಸರದಲ್ಲಿ ಹೋಗುತ್ತಿತ್ತು. "ಆ್ಯಕ್ಷನ್" ಕೇಳಿಸುವ ಮೊದಲೇ ಕಿವಿಯೊಳಗೆ ಮಣ್ಣು ಗುಡುಗಿತು. ಒಳಗೆ ಕೂತಾಗ ಆ ಸದ್ದು ಅವನದಾಗಿತ್ತು, ಅವನ ಕೈಯ ತುದಿಯಿಂದ ಹುಟ್ಟುತ್ತಿತ್ತು. ಇಲ್ಲಿ ಅದು ಯಾರದೂ ಆಗಿರಲಿಲ್ಲ. ಹೊಗೆಯ ನಡುವಿನಿಂದ ಅದು ಬಂತು. ಎಷ್ಟು ಎತ್ತರ! ಇಷ್ಟು ದಿನ ತಾನು ಇದರ ಹೊಟ್ಟೆಯಲ್ಲಿದ್ದೂ ಇದರ ಮುಖವನ್ನು ನೋಡಿರಲಿಲ್ಲ ಎಂದು ಅವನಿಗೆ ಹೊಳೆಯಿತು. ತಗಡು, ಬಣ್ಣ, ಪೈಪು ಯಾವುದೂ ಕಾಣಲಿಲ್ಲ. ಬರುವುದೊಂದೇ ಕೆಲಸವಾಗಿರುವಂಥದ್ದೊಂದು ಬರುತ್ತಿತ್ತು. ಬಲಗಡೆಯ ಸೀಳುಗಂಡಿ ಕಪ್ಪಗಿತ್ತು; ಹತ್ತಿರವಾದಂತೆ ಆ ಕಪ್ಪಿನೊಳಗೆ ಕಣ್ಣೊಂದು ಕಂಡಿತು. ಸಂತುವಿನದೇ ಇರಬೇಕು. ಅದು ನೇರವಾಗಿ ಅವನನ್ನೇ ನೋಡಿತು. ಇವನು ಇಲ್ಲಿ ಬಿದ್ದಿದ್ದಾನೆ, ಇವನಿಗೆ ಜೀವವಿದೆ, ಹೆಸರಿದೆ ಎಂದು ಆ ಕಣ್ಣಿಗೆ ಗೊತ್ತಾಯಿತು. ಗೊತ್ತಾದದ್ದು ಜಮೀರನಿಗೆ ಕಂಡಿತು. ಗೊತ್ತಾದ ಮೇಲೂ ಅದು ರೆಪ್ಪೆ ಬಡಿಯಲಿಲ್ಲ, ಟ್ಯಾಂಕು ನಿಧಾನವಾಗಲಿಲ್ಲ. ಮುಜಾಹಿದನ ಕೈ ಮಣ್ಣಿನ ಮೇಲೆ ಸರಿದು ಬಂದು ಅವನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಚೈನು ಗೆರೆಯ ಒಳಗೇ, ಅವರ ಮುಖದ ಮೇಲೆ ಪುಡಿಮಣ್ಣು ಎರಚುತ್ತ, ಹಾಯ್ದುಹೋಯಿತು.

"ಕಟ್! ಓಕೆ! ಪ್ಯಾಕಪ್!" ಚಪ್ಪಾಳೆ ಬಿತ್ತು. ಹೆಣಗಳು ಎದ್ದು ಮೈ ಕೊಡವಿಕೊಂಡು ಕೂಲಿಯ ಸಾಲಿನ ಕಡೆ ಓಡಿದವು. ಜಮೀರ ಏಳಲಿಲ್ಲ. ಮುಜಾಹಿದ ಅವನ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದ, ಅಂಗೈಯಿಂದ ಅವನ ಗಡ್ಡದ ಮಣ್ಣು ಒರೆಸತೊಡಗಿದ.

"ಮುಜ್ಜು," ಅಂದ ಜಮೀರ. ಹುಡುಗನನ್ನು ಹಾಗೆ ಅವನು ಎಂದೂ ಕರೆದಿರಲಿಲ್ಲ. ಅದು ಸುಗರಾ ಕರೆಯುವ ಹೆಸರು. "ನನಗ ನಿನ್ನ ಬೂಟು ಕಂಡಿತ್ತು."

ಮುಜಾಹಿದನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಒರೆಸಿತು, ಹುಬ್ಬು, ಕೆನ್ನೆ, ಕಾಣದ ಕಣ್ಣಿನ ರೆಪ್ಪೆ.

"ಗೊತ್ತೈತ್ರಿ ದುಲಾಭಾಯಿ," ಅಂದ ಅವನು. "ಗಂಡಿಯೊಳಗ ನಾನೂ ನಿಮ್ಮ ಕಣ್ಣು ನೋಡಿದ್ದೆ."

ಇಬ್ಬರೂ ಬಸ್ಸಿನ ದಾರಿ ಹಿಡಿದರು. ಮೀನು ಒಣಗಿಸುವ ಕಂಬಗಳ ಹತ್ತಿರ ರಸ್ತೆ ಎಡಕ್ಕೆ ತಿರುಗುವಲ್ಲಿ ಜಮೀರ ತಡೆದು ನಿಂತ. ಮುಜಾಹಿದ ಒಂದು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡದೆ, ತನ್ನ ಭುಜವನ್ನು ಅವನ ಕೈಗೆ ಸಿಗುವಷ್ಟು ಹಿಂದಕ್ಕೆ ಮಾಡಿ ಕಾದ. ಜಮೀರ ಬಹಳ ಹೊತ್ತು ಆ ಭುಜವನ್ನು ನೋಡುತ್ತ ನಿಂತಿದ್ದ. ಕೈ ಇಡಲು ಅವನಿಗೆ ಈಗ ನಾಚಿಕೆಯಾಗಲಿಲ್ಲ, ಲಿವರನ್ನು ಹಿಂದಕ್ಕೆ ಎಳೆಯದ ಆ ಕೈಯದೇ ಭಯವಾಯಿತು.